ಬೆಂಕಿ ರೋಗದ ಔಷಧ ಶಿಲೀಂಧ್ರವನ್ನು ಕೊಲ್ಲುವುದೇ ಇಲ್ಲ! ಮತ್ತೆ ಮಾಡುವುದೇನು?

ನಮಸ್ಕಾರ. ಮಲೇಬೆನ್ನೂರು ಕಡೆಯ ರೈತರೊಬ್ಬರು ನಮಗೆ ಒಂದು ಪ್ರಶ್ನೆ ಕಳುಹಿಸಿದ್ದಾರೆ. ಅವರ ಮಾತಿನಲ್ಲೇ ಓದುತ್ತೇನೆ: "ಭತ್ತಕ್ಕೆ ಬೆಂಕಿ ರೋಗ ಬಂದರೆ ಟ್ರೈಸೈಕ್ಲಜೋಲ್ ಹೊಡೆಯುತ್ತೇವೆ. ಎಂ.ಎಸ್ಸಿ. ಕೃಷಿ ಓದುತ್ತಿರುವ ನನ್ನ ಮಗಳು, ಆ ಔಷಧ ಶಿಲೀಂಧ್ರವನ್ನು ಕೊಲ್ಲುವುದಿಲ್ಲ ಎನ್ನುತ್ತಾಳೆ. ಕೊಲ್ಲದ ಔಷಧಕ್ಕೆ ನಾವೇಕೆ ದುಡ್ಡು ಕೊಡಬೇಕು?"

ಮಗಳು ಹೇಳಿದ್ದು ನಿಜ. ಅಪ್ಪ ಕೇಳಿದ್ದು ಅದಕ್ಕಿಂತ ಒಳ್ಳೆಯ ಪ್ರಶ್ನೆ. ಉತ್ತರ ಹುಡುಕುತ್ತಾ ಹೋದರೆ ಭದ್ರಾ ನಾಲೆಯ ಗದ್ದೆಯಿಂದ ಇಂಗ್ಲೆಂಡಿನ ಪ್ರಯೋಗಾಲಯದವರೆಗೆ ಹೋಗಿ ಬರಬೇಕಾಗುತ್ತದೆ. ದಾರಿಯಲ್ಲಿ ಸಿಗುವವರಲ್ಲಿ ಬಹಳಷ್ಟು ಮಂದಿ ಇನ್ನೂ ಪಿಎಚ್.ಡಿ. ಮುಗಿಸದ ಹುಡುಗ ಹುಡುಗಿಯರು.

ಮೊದಲು ಮೂಲ ವಿಷಯ, ಬೇಗ ಮುಗಿಸುತ್ತೇನೆ. ಶಿಲೀಂಧ್ರ ಸಸ್ಯವಲ್ಲ. ವಂಶಾವಳಿಯಲ್ಲಿ ಅದು ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಅದರ ಕೋಶಭಿತ್ತಿಯಲ್ಲಿ ಕೈಟಿನ್ ಇದೆ, ಸೀಗಡಿಯ ಚಿಪ್ಪಿನಲ್ಲಿರುವ ಅದೇ ವಸ್ತು. ಇದುವರೆಗೆ ಹೆಸರಿಟ್ಟಿರುವುದು ಸುಮಾರು ಒಂದೂವರೆ ಲಕ್ಷ ಪ್ರಭೇದಗಳಿಗೆ. ಭೂಮಿಯ ಮೇಲೆ 22 ಲಕ್ಷದಿಂದ 38 ಲಕ್ಷ ಇರಬಹುದು ಎಂಬುದು 2017ರ ಅಂದಾಜು. ಅಂದರೆ ಈ ಕ್ಷೇತ್ರಕ್ಕೆ ಈಗ ಕಾಲಿಡುವವರಿಗೆ ಕೆಲಸದ ಕೊರತೆ ಇಲ್ಲ. ಸಂಬಳದ ಮಾತು ಆಮೇಲೆ ಆಡೋಣ.

[ದೃಶ್ಯ: ಹರಿಹರ–ಮಲೇಬೆನ್ನೂರು ರಸ್ತೆಯ ಪಕ್ಕದ ಗದ್ದೆ, ಬೆಳಗಿನ ಇಬ್ಬನಿ]

ಈಗ ಗದ್ದೆಗೆ ಇಳಿಯೋಣ. ಹೊಡೆ ತುಂಬುವ ಮುಂಚಿನ ಭತ್ತ. ಯೂರಿಯಾ ಸ್ವಲ್ಪ ಧಾರಾಳವಾಗಿಯೇ ಬಿದ್ದಿದೆ, ಗರಿಗಳು ಕಡುಹಸಿರು. ಹಗಲು ಬಿಸಿಲು, ರಾತ್ರಿ ತಂಪು, ಎಲೆಯ ಮೇಲೆ ಇಬ್ಬನಿ. ಬೆಂಕಿ ರೋಗದ ಶಿಲೀಂಧ್ರಕ್ಕೆ ಇಷ್ಟು ಸಾಕು. ಅದರ ಹೆಸರು ಮ್ಯಾಗ್ನಪೋರ್ತೆ ಒರೈಜೆ. ಗಾಳಿಯಲ್ಲಿ ಬಂದ ಒಂದು ಬೀಜಾಣು ಎಲೆಯ ಮೇಲೆ ಕೂರುತ್ತದೆ. ಅದರಲ್ಲಿರುವುದು ಮೂರೇ ಕೋಶ. ತುದಿಯಿಂದ ಅಂಟು ಹೊರಬಂದು ಮೊದಲು ಎಲೆಗೆ ಅಂಟಿಕೊಳ್ಳುತ್ತದೆ. ಕೆಲವೇ ಗಂಟೆಗಳಲ್ಲಿ ಸಣ್ಣದೊಂದು ಮೊಳಕೆ ಒಡೆಯುತ್ತದೆ. ಆ ಮೊಳಕೆಯ ತುದಿ ಉಬ್ಬಿ ಗುಮ್ಮಟದ ಆಕಾರಕ್ಕೆ ಬರುತ್ತದೆ. ಈ ಗುಮ್ಮಟದ ಹೆಸರು ಅಪ್ರೆಸ್ಸೋರಿಯಂ.

ಎಲೆಯ ಮೇಲ್ಮೈಗೆ ಮೇಣದ ಪದರವಿದೆ, ಅದರ ಕೆಳಗೆ ಗಟ್ಟಿಯಾದ ಕೋಶಭಿತ್ತಿ. ಶಿಲೀಂಧ್ರಕ್ಕೆ ಹಲ್ಲಿಲ್ಲ, ಉಗುರಿಲ್ಲ. ಹಾಗಾದರೆ ಒಳಗೆ ಹೇಗೆ ಹೋಗುತ್ತದೆ?

ಒತ್ತಡದಿಂದ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು, ಏಕೆಂದರೆ ಇಡೀ ಜೀವಶಾಸ್ತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ ಇದೇ.

ಬೀಜಾಣುವಿನಲ್ಲಿ ಕೂಡಿಟ್ಟಿದ್ದ ಕೊಬ್ಬು ಮತ್ತು ಗ್ಲೈಕೋಜೆನ್ ಕರಗಿ ಗುಮ್ಮಟದೊಳಗೆ ಗ್ಲಿಸರಾಲ್ ಆಗುತ್ತದೆ. ಒಳಗೆ ಗ್ಲಿಸರಾಲ್ ದಟ್ಟವಾಗುತ್ತಾ ಹೋದಂತೆ ಹೊರಗಿನ ಇಬ್ಬನಿಯ ನೀರು ಒಳಕ್ಕೆ ನುಗ್ಗುತ್ತದೆ. ನೀರು ಬಂದಷ್ಟೂ ಒತ್ತಡ ಏರುತ್ತದೆ. 1991ರಲ್ಲಿ ರಿಚರ್ಡ್ ಹೊವಾರ್ಡ್ ಮತ್ತು ಸಹೋದ್ಯೋಗಿಗಳು ಇದನ್ನು ಅಳೆದರು. ಸುಮಾರು ಹತ್ತು ಮೈಕ್ರಾನ್ ಅಗಲದ ಕೋಶಕ್ಕೆ ಮೀಟರ್ ಚುಚ್ಚುವ ಹಾಗಿಲ್ಲ. ಹಾಗಾಗಿ ಅವರು ಹೊರಗಿನ ದ್ರಾವಣವನ್ನು ಹಂತಹಂತವಾಗಿ ದಟ್ಟಗೊಳಿಸುತ್ತಾ, ಯಾವ ಹಂತದಲ್ಲಿ ಗುಮ್ಮಟ ಕುಸಿಯುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಳಗಿನ ಒತ್ತಡವನ್ನು ಮೀರಿಸುವಷ್ಟು ದಟ್ಟ ದ್ರಾವಣ ಹಾಕಿದರೆ ಮಾತ್ರ ಅದು ಕುಸಿಯುತ್ತದೆ ಎಂಬ ಲೆಕ್ಕ. ಬಂದ ಉತ್ತರ 8 ಮೆಗಾಪ್ಯಾಸ್ಕಲ್.

[ಪರದೆಯ ಮೇಲೆ: 8 ಮೆಗಾಪ್ಯಾಸ್ಕಲ್ = ವಾತಾವರಣದ ಒತ್ತಡದ ಸುಮಾರು 80 ಪಟ್ಟು]

ಪಿ.ಬಿ. ರಸ್ತೆಯ ಯಾವುದಾದರೂ ಪಂಕ್ಚರ್ ಅಂಗಡಿಯಲ್ಲಿ ಕಾರಿನ ಟೈರಿಗೆ ಗಾಳಿ ಹಾಕಿಸಿ. ಮೀಟರ್ 30 ತೋರಿಸಿದರೆ ಸಾಕು ಎನ್ನುತ್ತಾರೆ. ಅದೇ ಮೀಟರನ್ನು ಈ ಗುಮ್ಮಟಕ್ಕೆ ಹಿಡಿಯಲು ಸಾಧ್ಯವಾಗಿದ್ದರೆ ಅದು 1,160 ತೋರಿಸಬೇಕಿತ್ತು. ಹೆಚ್ಚುಕಡಿಮೆ ನಲವತ್ತು ಟೈರುಗಳ ಒತ್ತಡ, ಕಣ್ಣಿಗೇ ಕಾಣದ ಒಂದು ಕೋಶದಲ್ಲಿ! ಅಂಥ ನೂರು ಕೋಶಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ. ಟೈರಿಗೆ ರಬ್ಬರ್ ಇದೆ, ತಂತಿ ಇದೆ. ಇದಕ್ಕೆ ಇರುವುದು ಕೋಶಭಿತ್ತಿ ಮತ್ತು ಅದಕ್ಕೆ ಒಳಗಿನಿಂದ ಬಳಿದುಕೊಂಡ ಕಪ್ಪು ಬಣ್ಣದ ಒಂದು ಪದರ. ಪ್ರಯೋಗದಲ್ಲಿ ಎಲೆಯ ಬದಲು ಪ್ಲಾಸ್ಟಿಕ್ ಹಾಳೆ ಇಟ್ಟಾಗ ಅದನ್ನೂ ಇದು ಚುಚ್ಚಿಕೊಂಡು ಹೋಯಿತು.

ಆ ಕಪ್ಪು ಪದರದ ಮೇಲೆ ಗಮನವಿಡಿ. ಅದು ಮೆಲನಿನ್. ನಮ್ಮ ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಮೆಲನಿನ್‌ನ ಬಳಗದ್ದೇ. ನೀರು ಅದರ ಮೂಲಕ ಒಳಗೆ ಹೋಗಬಲ್ಲದು, ಗ್ಲಿಸರಾಲ್ ಹೊರಗೆ ಬರಲಾರದು. ಗುಮ್ಮಟದ ತಳದಲ್ಲಿ, ಎಲೆಗೆ ತಾಗುವ ಜಾಗದಲ್ಲಿ ಮಾತ್ರ ಈ ಪದರವಿಲ್ಲದ ಒಂದು ರಂಧ್ರ ಉಳಿದಿರುತ್ತದೆ. ಎಲ್ಲ ಕಡೆ ಕಟ್ಟಿದ ಒತ್ತಡ ಆ ರಂಧ್ರದ ಮೂಲಕ ಒಂದು ಸೂಕ್ಷ್ಮ ಮೊಳೆಯಾಗಿ ಎಲೆಯೊಳಕ್ಕೆ ಇಳಿಯುತ್ತದೆ. ನಾಲ್ಕೈದು ದಿನಗಳಲ್ಲಿ ಗರಿಯ ಮೇಲೆ ಕಂದು ಅಂಚಿನ, ಬೂದು ನಡುವಿನ, ಎರಡೂ ತುದಿ ಚೂಪಾದ ಮಚ್ಚೆ ಕಾಣಿಸುತ್ತದೆ.

ಈಗ ಔಷಧದ ವಿಷಯ. ಟ್ರೈಸೈಕ್ಲಜೋಲ್ ತಡೆಯುವುದು ಮೆಲನಿನ್ ತಯಾರಿಕೆಯನ್ನು. ಅಷ್ಟೇ ಅದರ ಕೆಲಸ. ಬೀಜಾಣು ಸಾಯುವುದಿಲ್ಲ, ಮೊಳಕೆಯೊಡೆಯುತ್ತದೆ, ಗುಮ್ಮಟವನ್ನೂ ಕಟ್ಟುತ್ತದೆ. ಆದರೆ ಕಪ್ಪು ಪದರವಿಲ್ಲ, ಗ್ಲಿಸರಾಲ್ ನಿಲ್ಲುವುದಿಲ್ಲ, ಒತ್ತಡ ಏರುವುದಿಲ್ಲ. ಎಲೆಯ ಮೇಲೆ ಕುಳಿತ ಶಿಲೀಂಧ್ರ ಒಳಗೆ ಹೋಗಲಾಗದೆ ಅಲ್ಲೇ ಉಳಿಯುತ್ತದೆ.

ಇದನ್ನು ಕಣ್ಣಾರೆ ಕಾಣಬಹುದು. ಸಸ್ಯರೋಗ ವಿಭಾಗದ ಸಂಶೋಧನಾ ವಿದ್ಯಾರ್ಥಿನಿಯೊಬ್ಬರು ನನ್ನ ಮುಂದೆ ಎರಡು ಪೆಟ್ರಿ ತಟ್ಟೆ ಇಟ್ಟರು. ಒಂದರಲ್ಲಿ ಶಿಲೀಂಧ್ರ ಬೂದುಗಪ್ಪಾಗಿ ದುಂಡಗೆ ಹರಡಿತ್ತು. ಇನ್ನೊಂದರಲ್ಲಿ ಸ್ವಲ್ಪ ಟ್ರೈಸೈಕ್ಲಜೋಲ್ ಬೆರೆಸಿದ್ದರು. ಅಲ್ಲಿಯೂ ಅಷ್ಟೇ ಅಗಲಕ್ಕೆ ಹರಡಿತ್ತು, ಬಣ್ಣ ಮಾತ್ರ ಕೆಂಗಂದು. "ಬೆಳವಣಿಗೆ ನಿಂತಿಲ್ಲ ನೋಡಿ, ಆಯುಧ ಹೋಗಿದೆ" ಎಂದರು. ಅವರ ಮಾತಿಗೆ ಹಳೆಯ ಸಾಕ್ಷ್ಯವೂ ಇದೆ. 1990ರಲ್ಲಿ ಫಾರೆಸ್ಟ್ ಚಮ್ಲಿ ಮತ್ತು ಬಾರ್ಬರಾ ವ್ಯಾಲೆಂಟ್ ಮೆಲನಿನ್ ಇಲ್ಲದ ರೂಪಾಂತರಿ ತಳಿಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದರು. ಬಿಳಿ, ಗುಲಾಬಿ, ತಿಳಿಗಂದು ಬಣ್ಣದ ಈ ತಳಿಗಳು ಆರೋಗ್ಯವಂತ ಎಲೆಗೆ ಏನೂ ಮಾಡಲಾರವು. ಎಲೆಗೆ ಗಾಯವಾಗಿದ್ದರೆ ಮಾತ್ರ ಅದರ ಮೂಲಕ ಒಳಗೆ ಹೋಗಿ ಬೆಳೆಯಬಲ್ಲವು.

ಮಲೇಬೆನ್ನೂರಿನ ರೈತರೇ, ನಿಮ್ಮ ದುಡ್ಡಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ ಔಷಧ ಬಾಗಿಲಲ್ಲೇ ತಡೆಯುತ್ತದೆ. ಮಚ್ಚೆ ಬಿದ್ದ ಗರಿಯಲ್ಲಿ ಶಿಲೀಂಧ್ರ ಆಗಲೇ ಒಳಗಿದೆ, ಆ ಮಚ್ಚೆಯನ್ನು ಔಷಧ ವಾಸಿ ಮಾಡುವುದಿಲ್ಲ. ಉಳಿದ ಎಲೆ, ಬರಲಿರುವ ತೆನೆಯ ಕುತ್ತಿಗೆ, ಇವನ್ನು ಕಾಯುತ್ತದೆ. ಆದ್ದರಿಂದ ಸಮಯವೇ ಮುಖ್ಯ. ಶಿಫಾರಸು ಲೀಟರ್ ನೀರಿಗೆ 0.6 ಗ್ರಾಂ. ತಡವಾಗಿ ಎರಡರಷ್ಟು ಹೊಡೆದರೆ ತಡವಾದದ್ದು ಸರಿಹೋಗುವುದಿಲ್ಲ, ಅಕ್ಕಿಯಲ್ಲಿ ಉಳಿಕೆ ಹೆಚ್ಚುತ್ತದೆ ಅಷ್ಟೇ. ಐರೋಪ್ಯ ಒಕ್ಕೂಟ 2018ರಿಂದ ಬಾಸ್ಮತಿಯಲ್ಲಿ ಈ ಔಷಧದ ಉಳಿಕೆಯ ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿತು. ಸೋನಾ ಮಸೂರಿ, ಅಂದರೆ ಬಿಪಿಟಿ 5204 ಹಾಕಿದವರು ಇನ್ನೂ ಎಚ್ಚರವಾಗಿರಬೇಕು. ಅದಕ್ಕೆ ಈ ರೋಗ ಬೇಗ ತಗಲುತ್ತದೆ. ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತುಗಳಲ್ಲಿ ಕೊಡುವುದು ಖರ್ಚಿಲ್ಲದ ರಕ್ಷಣೆ.

[ದೃಶ್ಯ: ಸೂಕ್ಷ್ಮದರ್ಶಕದ ಚಿತ್ರ, ಕಪ್ಪು ಗುಮ್ಮಟಗಳು]

ಇದನ್ನೆಲ್ಲ ಕಂಡುಹಿಡಿದವರು ಯಾರು? ಗುಮ್ಮಟದೊಳಗಿನ ಒತ್ತಡಕ್ಕೆ ಗ್ಲಿಸರಾಲ್ ಕಾರಣ ಎಂದು 1997ರಲ್ಲಿ ತೋರಿಸಿದ್ದು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ನಿಕ್ ಟಾಲ್ಬಟ್ ಅವರ ತಂಡ. ತಳದ ರಂಧ್ರದ ಸುತ್ತ ಸೆಪ್ಟಿನ್ ಎಂಬ ಪ್ರೋಟೀನುಗಳು ಬಳೆಯಾಕಾರದಲ್ಲಿ ಸೇರಿ ಮೊಳೆಗೆ ಬಲ ಕೊಡುತ್ತವೆ ಎಂಬ 2012ರ ಪ್ರಬಂಧದ ಮೊದಲ ಹೆಸರು ಯಾಸಿನ್ ದಾಗ್ದಾಸ್. ಆಗ ಅವರು ಪಿಎಚ್.ಡಿ. ವಿದ್ಯಾರ್ಥಿ. ಒಳಹೊಕ್ಕ ಶಿಲೀಂಧ್ರ ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಹೇಗೆ ದಾಟುತ್ತದೆ ಎಂಬ 2018ರ ಪ್ರಬಂಧದ ಮೊದಲ ಹೆಸರು ವಾಸಿನ್ ಸಾಕುಲ್ಕೂ. ಒಳಗಿನ ಒತ್ತಡ ಸಾಕಷ್ಟಾಯಿತು ಎಂದು ಗುಮ್ಮಟಕ್ಕೆ ತಿಳಿಯುವುದು ಹೇಗೆ ಎಂಬ 2019ರ ಪ್ರಬಂಧದಲ್ಲಿ ಮೊದಲ ಹೆಸರು ಲಾರೆನ್ ರೈಡರ್. ಪ್ರಬಂಧದಲ್ಲಿ ಮೊದಲ ಹೆಸರೆಂದರೆ ಸಾಮಾನ್ಯವಾಗಿ ರಾತ್ರಿಯಿಡೀ ಪ್ರಯೋಗಾಲಯದಲ್ಲಿ ನಿಂತವರ ಹೆಸರು.

ನಮ್ಮಲ್ಲೂ ಇಂಥ ಉದಾಹರಣೆ ಹಳೆಯದು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಶಿಲೀಂಧ್ರ ಮತ್ತು ಕೀಟ ತಜ್ಞರಾಗಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರಿಗೆ ಆಗ ಮೂವತ್ತು ವರ್ಷ. ಅಡಿಕೆಯ ಕೊಳೆರೋಗವನ್ನು ತೋಟಗಳಲ್ಲೇ ಅಧ್ಯಯನ ಮಾಡಿ, ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಅವರು ರೂಢಿಗೆ ತಂದರು. ಚನ್ನಗಿರಿಯ ತೋಟಗಳಲ್ಲಿ ಇಂದಿಗೂ ಆ ದ್ರಾವಣಕ್ಕಾಗಿ ಮೈಲುತುತ್ತ ಮತ್ತು ಸುಣ್ಣ ಕದಡುತ್ತಾರೆ.

ಇಂದಿನ ನಮ್ಮ ಯುವ ಸಂಶೋಧಕರ ಕೆಲಸ ಹೊರಗಿನವರಿಗೆ ಕಾಣುವುದೇ ಇಲ್ಲ. ಸಾಲುಸಾಲು ಭತ್ತದ ತಳಿಗಳ ನಡುವೆ ಬಗ್ಗಿ ನಡೆಯುತ್ತಾ ಪ್ರತಿ ತಳಿಯ ರೋಗಕ್ಕೆ ಸೊನ್ನೆಯಿಂದ ಒಂಬತ್ತರವರೆಗೆ ಅಂಕ ಕೊಡಬೇಕು. ಬೇಗ ರೋಗ ಹಿಡಿಯುವ ತಳಿಯನ್ನು ಸುತ್ತಲೂ ನೆಟ್ಟು ಬೇಕೆಂದೇ ರೋಗ ಹಬ್ಬಿಸಿರುತ್ತಾರೆ. ಆ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದ ತಳಿಯೇ ಮುಂದೊಂದು ದಿನ ನಿಮ್ಮ ಸಸಿಮಡಿಗೆ ಬರುತ್ತದೆ. ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದು ಸಿಗದೆ ಮನೆಯವರ ದುಡ್ಡಿನಲ್ಲಿ ಸಂಶೋಧನೆ ಮಾಡುವವರೂ ಇದ್ದಾರೆ. ಅನ್ನಕ್ಕೆ ನೇರವಾಗಿ ಸಂಬಂಧಪಟ್ಟ ಕೆಲಸಕ್ಕೆ ಇದು ನ್ಯಾಯವಲ್ಲ ಎಂದು ಸ್ಪಷ್ಟವಾಗಿ ಹೇಳುತ್ತೇನೆ.

ಸಮಯ ಮುಗಿಯುತ್ತಾ ಬಂತು. ನೀವು ಕೇಳಿದ್ದ ಉಳಿದ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಳ್ಳುತ್ತೇನೆ.

ಅಡಿಕೆಯ ಕೊಳೆರೋಗಕ್ಕೂ ಟ್ರೈಸೈಕ್ಲಜೋಲ್ ನಡೆಯುತ್ತದೆಯೇ? ಇಲ್ಲ. ಅದಕ್ಕೆ ಕಾರಣವಾದ ಫೈಟಾಫ್ತೊರ ನಿಜವಾದ ಶಿಲೀಂಧ್ರವೇ ಅಲ್ಲ, ಕಂದು ಪಾಚಿಗಳ ದೂರದ ನೆಂಟ. ಅದು ಒಳಹೊಗಲು ಈ ಕಪ್ಪು ಪದರವನ್ನು ನೆಚ್ಚಿಕೊಂಡಿಲ್ಲ.

ಚಳ್ಳಕೆರೆಯಿಂದ ಬಂದ ಪ್ರಶ್ನೆ: ಮಳೆ ಕೈಕೊಟ್ಟ ವರ್ಷ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರದ ವಿಷ ಏಕೆ ಹೆಚ್ಚು? ಶೇಂಗಾ ಬೀಜಕ್ಕೆ ತನ್ನದೇ ರಕ್ಷಣೆ ಇದೆ. ಶಿಲೀಂಧ್ರ ತಗುಲಿದಾಗ ಅದು ಸ್ಟಿಲ್ಬೀನ್ ಎಂಬ ರಾಸಾಯನಿಕಗಳನ್ನು ತಯಾರಿಸಿಕೊಳ್ಳುತ್ತದೆ. ಕಾಯಿ ಬಲಿಯುವ ಹೊತ್ತಿಗೆ ನೆಲ ಒಣಗಿದರೆ ಬೀಜದ ತೇವ ಇಳಿದು ಆ ತಯಾರಿಕೆ ನಿಲ್ಲುತ್ತದೆ. ಈ ವಿಷ ತಯಾರಿಸುವ ಶಿಲೀಂಧ್ರ ಆಸ್ಪರ್ಜಿಲಸ್ ಫ್ಲೇವಸ್ ಮಾತ್ರ ಅಷ್ಟು ಕಡಿಮೆ ತೇವದಲ್ಲೂ ಬೆಳೆಯಬಲ್ಲದು. ಈ ವಿಷ ಮೊದಲು ಗಮನಕ್ಕೆ ಬಂದದ್ದು 1960ರಲ್ಲಿ, ಶೇಂಗಾ ಹಿಂಡಿ ತಿಂದ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಇಂಗ್ಲೆಂಡಿನಲ್ಲಿ ಸತ್ತಾಗ. ದಾವಣಗೆರೆಯ ಮೆಕ್ಕೆಜೋಳದ ರೈತರೂ ಕೇಳಿಸಿಕೊಳ್ಳಿ: 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ತೀರಿಕೊಂಡರು. ಅದೇ ಆಹಾರ ತಿಂದ ನಾಯಿಗಳೂ ಸತ್ತವು. ರಸ್ತೆಯಲ್ಲಿ ಒಣಗಲು ಹರಡಿದ ಜೋಳದ ಮೇಲೆ ಮಳೆ ಬಿದ್ದರೆ ಹಾಗೆಯೇ ರಾಶಿ ಮಾಡಿ ಮುಚ್ಚಿಡಬೇಡಿ. ಬೂಸ್ಟು ಹಿಡಿದದ್ದನ್ನು ದನಕ್ಕೂ ಹಾಕಬೇಡಿ, ವಿಷದ ಅಂಶ ಹಾಲಿಗೆ ಬರುತ್ತದೆ.

ಈ ವಿಷಕ್ಕೆ ಅದೇ ಶಿಲೀಂಧ್ರದ ವಿಷವಿಲ್ಲದ ತಳಿಯನ್ನು ಹೊಲಕ್ಕೆ ಬಿಟ್ಟು, ವಿಷದ ತಳಿಗೆ ಜಾಗವಿಲ್ಲದಂತೆ ಮಾಡುವ ವಿಧಾನ ಅಮೆರಿಕದಲ್ಲೂ ಆಫ್ರಿಕಾದ ಹಲವು ದೇಶಗಳಲ್ಲೂ ಬಳಕೆಯಲ್ಲಿದೆ. ಚಳ್ಳಕೆರೆಯ ಮಣ್ಣಿನಲ್ಲೇ ಬೆಳೆಯುವ ಅಂಥ ತಳಿಯನ್ನು ಹುಡುಕುವುದು ಒಳ್ಳೆಯ ಪಿಎಚ್.ಡಿ. ವಿಷಯ. ಯಾರಾದರೂ ಕೈಗೆತ್ತಿಕೊಳ್ಳಿ.

ಹಿರಿಯೂರು, ಹೊಸದುರ್ಗದ ದಾಳಿಂಬೆ ಬೆಳೆಗಾರರು ಸೊರಗು ರೋಗದ ಬಗ್ಗೆ ಕೇಳಿದ್ದೀರಿ. ಅದಕ್ಕೆ ಎರಡು ನಿಮಿಷ ಸಾಲದು, ಮುಂದಿನ ವಿಡಿಯೋ ಪೂರ್ತಿ ಅದಕ್ಕೇ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಶಿಲೀಂಧ್ರದ ಮೇಲೆ ಎಂ.ಎಸ್ಸಿ. ಅಥವಾ ಪಿಎಚ್.ಡಿ. ಮಾಡುತ್ತಿರುವವರು ಯಾವ ಬೆಳೆ, ಯಾವ ರೋಗ ಎಂದು ನಮಗೆ ಬರೆಯಿರಿ. ನಿಮ್ಮ ತಟ್ಟೆಗಳನ್ನೂ ತೋರಿಸೋಣ. ನಮಸ್ಕಾರ.