ಸಾಲಿಗೂ ಚಿತ್ರಕ್ಕೂ ನಡುವೆ ಎಷ್ಟು ದೂರ?

ಎಲ್ಲರಿಗೂ ನಮಸ್ಕಾರ.

ಬೆಳಗ್ಗೆ ಎದ್ದು ವಾಟ್ಸಾಪ್ ತೆರೆದರೆ ಹತ್ತು ಸೂರ್ಯೋದಯ ಕಾದು ಕೂತಿರುತ್ತವೆ. ಪ್ರತಿ ಸೂರ್ಯನ ಮೇಲೂ ಬೆಳಕಿನ ಬಗ್ಗೆ ಒಂದು ಸಾಲು. ಫೋಟೋ ಕೆಟ್ಟದ್ದಲ್ಲ, ಸಾಲೂ ಕೆಟ್ಟದ್ದಲ್ಲ. ಆದರೂ ಬೆರಳು ನಿಲ್ಲದೆ ಮುಂದಕ್ಕೆ ಸರಿಯುತ್ತದೆ. ಫೋಟೋ ಹೇಳಿದ್ದನ್ನೇ ಸಾಲು ಹೇಳಿದೆ, ಅಷ್ಟೇ ಕಾರಣ. ಎರಡರಲ್ಲಿ ಒಂದು ದಂಡ. ಇವತ್ತಿನ ಮಾತೆಲ್ಲ ಈ ಎರಡರ ನಡುವಿನ ದೂರದ ಬಗ್ಗೆ.

ನಮ್ಮ ಅಲಂಕಾರಶಾಸ್ತ್ರದವರು ಇದಕ್ಕೆ ಒಳ್ಳೆಯ ಉದಾಹರಣೆ ಇಟ್ಟುಹೋಗಿದ್ದಾರೆ: 'ಗಂಗಾಯಾಂ ಘೋಷಃ'. ಗಂಗೆಯಲ್ಲಿ ಗೊಲ್ಲರ ಹಟ್ಟಿ. ಹರಿಯುವ ನೀರಿನ ಮೇಲೆ ಹಟ್ಟಿ ನಿಲ್ಲದು, ಹಾಗಾಗಿ ದಡದ ಮೇಲೆ ಎಂದು ತಿಳಿದುಕೊಳ್ಳುತ್ತೇವೆ. ಆದರೆ 'ದಡದಲ್ಲಿ' ಎನ್ನದೆ 'ಗಂಗೆಯಲ್ಲಿ' ಎಂದದ್ದರಿಂದ ನದಿಯ ತಂಪು, ಪಾವನತೆ ಎರಡೂ ಹಟ್ಟಿಗೆ ಹತ್ತಿದವು. ಫೋಟೋದ ಪಕ್ಕ ಸಾಲು ಇಟ್ಟಾಗಲೂ ಹೀಗೇ ಒಂದರದ್ದು ಇನ್ನೊಂದಕ್ಕೆ ಹತ್ತಬೇಕು. ಎರಡೂ ಒಂದೇ ಆಗಿದ್ದರೆ ಹತ್ತಲು ಏನೂ ಇರುವುದಿಲ್ಲ. ನಂಟೇ ಇಲ್ಲದಿದ್ದರೆ ಹತ್ತುವ ದಾರಿ ಇರುವುದಿಲ್ಲ.

ಅಕ್ಕಮಹಾದೇವಿಯ ಸಾಲು ತೆಗೆದುಕೊಳ್ಳಿ: 'ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗಂಜಿದಡೆಂತಯ್ಯಾ'. ಇದಕ್ಕೆ ಬೆಟ್ಟದ ಮೇಲಿನ ಮನೆಯ ಫೋಟೋ ಹಾಕಿದರೆ ಹೋಮ್‌ಸ್ಟೇ ಜಾಹೀರಾತಾಗುತ್ತದೆ. ಹುಲಿಯನ್ನು ಹಾಕಿದರೆ ನಗು ಬರುತ್ತದೆ. ಈಗ ನಗರದ ಮೇಲ್ಸೇತುವೆಗೆ ಅಂಟಿಕೊಂಡ ಮನೆಯೊಂದರ ಮಹಡಿ ಇಡಿ: ಹಗ್ಗದ ಮೇಲೆ ಒಣಗುವ ಬಟ್ಟೆ ಸ್ಪಷ್ಟ, ಮುಂದೆ ಹಾದುಹೋಗುವ ಬಸ್ಸು ಬರೀ ಗೆರೆ. ಬೆಟ್ಟವೂ ಇಲ್ಲ, ಮೃಗವೂ ಇಲ್ಲ, ಆದರೆ ಸಾಲು ಅಲ್ಲಿ ಹೋಗಿ ಕೂರುತ್ತದೆ. ಅದೇ ವಚನದಲ್ಲಿ ಮುಂದೆ 'ಸಂತೆಯೊಳಗೊಂದು ಮನೆಯ ಮಾಡಿ ಶಬ್ದಕ್ಕೆ ನಾಚಿದಡೆಂತಯ್ಯಾ' ಎಂದು ಬರುತ್ತದೆ. ಈ ಫೋಟೋಗೆ ಆ ಸಾಲೇ ಹೆಚ್ಚು ಒಪ್ಪುತ್ತದೆ ಅನ್ನಿಸಬಹುದು. ಬೇಡ. ವಚನ ಬಲ್ಲವನ ಕಿವಿಯಲ್ಲಿ ಅದು ತಾನಾಗಿ ಕೇಳುತ್ತದೆ. ನೀವು ಬರೆದುಬಿಟ್ಟರೆ ಅವನಿಗೆ ಕೆಲಸ ಉಳಿಯದು.

ಜನಪದ ತ್ರಿಪದಿಯ 'ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಲಿ' ಎಂಬ ಸಾಲಿಗೂ ಇದೇ ಮಾತು. ಸೂರ್ಯ ಬೇಡ. ಹೊಲವೂ ಬೇಡ, ಭೂಮಿತಾಯಿ ಮುಂದೆ ತಾನೇ ಬರುತ್ತಾಳೆ. ನಸುಕಿನ ಬಸ್ ನಿಲ್ದಾಣದ ಟ್ಯೂಬ್‌ಲೈಟಿನಡಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸು, ಮುಖ ಕಾಣದ ಹಾಗೆ. 'ಯಾರ್ಯಾರ' ಎಂಬ ಮಾತಿಗೆ ತೂಕ ಬರುತ್ತದೆ. ಇಲ್ಲಿ ಹೊತ್ತು ಒಂದೇ, ಉಳಿದದ್ದೆಲ್ಲ ಬೇರೆ. ಹೀಗೆ ಒಂದು ಎಳೆ ಮಾತ್ರ ಎರಡರಲ್ಲೂ ಇರಲಿ: ಹೊತ್ತು, ಋತು, ಬೆಳಕು, ನಡಿಗೆಯ ವೇಗ, ಯಾವುದಾದರೂ ಒಂದು. ಮೂರು ಎಳೆ ಸೇರಿದರೆ ಅದು ಶಾಲೆಯ ಪಾಠದ ಚಿತ್ರ.

ಆಯ್ಕೆಯನ್ನು ಮೊಬೈಲಿನಲ್ಲಿ ಮಾಡಬೇಡಿ. ಇಪ್ಪತ್ತು ಫೋಟೋಗಳನ್ನು 4×6 ಇಂಚಿಗೆ ಪ್ರಿಂಟ್ ಹಾಕಿಸಿ, ಸಾಲುಗಳನ್ನು ಬೇರೆ ಚೀಟಿಗಳಲ್ಲಿ ಬರೆದು ಮೇಜಿನ ಮೇಲೆ ಹರಡಿ. ಮೊದಲು ಹೊಳೆದ ಜೋಡಿಯನ್ನು ಪಕ್ಕಕ್ಕಿಡಿ, ಅದು ಬಹುಪಾಲು ಎಲ್ಲರಿಗೂ ಹೊಳೆಯುವಂಥದ್ದು. ಉಳಿದವನ್ನು ರಾತ್ರಿಯಿಡೀ ಹಾಗೇ ಬಿಟ್ಟು ಮರುದಿನ ಬೇರೆಯವರಿಗೆ ತೋರಿಸಿ, ಏನನ್ನಿಸಿತು ಎಂದಷ್ಟೇ ಕೇಳಿ. ಫೋಟೋದಲ್ಲಿರುವ ವಸ್ತುವಿನ ಹೆಸರು ಹೇಳಿದರೆ ಜೋಡಿ ತೀರಾ ಹತ್ತಿರ. 'ಇದಕ್ಕೂ ಅದಕ್ಕೂ ಏನು ಸಂಬಂಧ?' ಎಂದರೆ ತೀರಾ ದೂರ. ತಮ್ಮ ಅಜ್ಜಿಯನ್ನೋ ಊರನ್ನೋ ನೆನಪಿಸಿಕೊಂಡರೆ ಆ ಜೋಡಿ ಇಟ್ಟುಕೊಳ್ಳಿ.

ಇನ್ನು ಕ್ಯಾಮೆರಾ. ಭಾವ ಕೆಡುವುದು ಬಹಳ ಸಲ ಆಟೋ ವೈಟ್ ಬ್ಯಾಲೆನ್ಸಿನಿಂದ, ಅಂದರೆ ಬೆಳಕಿನ ಬಣ್ಣವನ್ನು ತಾನಾಗಿ ಸರಿಮಾಡುವ ಏರ್ಪಾಟಿನಿಂದ. ಸಂಜೆಯ ಹೊಂಬಣ್ಣವನ್ನು ಅದು ದೋಷವೆಂದು ತಿಳಿದು ತಿದ್ದಿಬಿಡುತ್ತದೆ. ಅದನ್ನು 'ಡೇಲೈಟ್' ಅಥವಾ 5,200 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಸುಮಾರಿಗೆ ಕಟ್ಟಿಹಾಕಿ. ಮಲೆನಾಡಿನ ಮಂಜು ಬೂದಿಯಾಗಿ ಬಂದರೆ ತಪ್ಪು ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರಿನದು. ಬಿಳಿ ಕಂಡಾಗ ಅದು ಕತ್ತಲು ಮಾಡುತ್ತದೆ, ಎಕ್ಸ್‌ಪೋಷರ್ ಅನ್ನು +0.7ರಿಂದ +1ರವರೆಗೆ ಏರಿಸಿ. ದೀಪದ ಬೆಳಕಿಗೆ ಉಲ್ಟಾ, −1ರ ಸುಮಾರು ಇಳಿಸಿ. ಮಳೆಯ ಎಳೆ ಕಾಣಬೇಕಾದರೆ ಹಿಂದೆ ಗಾಢ ಬಣ್ಣ ಬೇಕು, ಬೆಳಕು ಹನಿಗಳ ಆಚೆಯಿಂದ ಬರಬೇಕು, ಶಟರ್ 1/60 ಅಥವಾ 1/30 ಸೆಕೆಂಡು. 1/500ರಲ್ಲಿ ಮಳೆ ಚುಕ್ಕೆಯಾಗಿ ನಿಂತುಬಿಡುತ್ತದೆ. ಆಷಾಢದ ಜಡಿಮಳೆಯ ಬೇಸರ ಅದರಲ್ಲಿ ಇರುವುದಿಲ್ಲ. ಮೇಲೆ ಹೇಳಿದ ಬಸ್ಸಿಗೆ 1/15 ಸಾಕು, ಮೊಣಕೈ ಕಂಬಿಗೆ ಒರಗಿಸಿಕೊಳ್ಳಿ.

ಅಕ್ಷರದ ವಿಷಯಕ್ಕೆ ಬಂದರೆ ನನಗೆ ಮಾತು ಮುಗಿಯುವುದಿಲ್ಲ, ಏಕೆಂದರೆ ಒಳ್ಳೆಯ ಜೋಡಿಗಳು ಸಾಯುವುದು ಇಲ್ಲೇ. ಕನ್ನಡದ ಸಾಲಿಗೆ ಕೆಳಗೆ ಒತ್ತು, ಮೇಲೆ ಗುಣಿತದ ಚಿಹ್ನೆಗಳು. ಇಂಗ್ಲಿಷಿಗೆ ಸಾಕಾಗುವ, ಅಕ್ಷರದ ಅಳತೆಯ 1.2 ಪಟ್ಟು ಸಾಲಂತರ ಇಲ್ಲಿ ಸಾಲದು, ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ. 1.5ರಿಂದ 1.7 ಇಡಿ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಶೋಕಿ ಬೇಡವೇ ಬೇಡ. ಫೋಟೋಶಾಪಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಫಾಂಟನ್ನು ಬೈಯಬೇಡಿ. ಹಳೆಯ ಆವೃತ್ತಿಯಾದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳನ್ನು ಬೆಂಬಲಿಸುವ ಆಯ್ಕೆ ಹಾಕಿ. 'ನುಡಿ' ತಂತ್ರಾಂಶದ ಹಳೆಯ ಕಡತದಿಂದ ನಕಲಿಸಿದ ಸಾಲು ಅರ್ಥವಿಲ್ಲದ ಗುರುತುಗಳಾಗಿ ಕಂಡರೆ ಮೊದಲು ಯೂನಿಕೋಡಿಗೆ ಬದಲಿಸಬೇಕು. ಕೆಂಪು ಅಕ್ಷರ ಜೆಪೆಗ್‌ನಲ್ಲಿ ಅಂಚು ಕದಡಿಕೊಳ್ಳುತ್ತದೆ, ಬಣ್ಣದ ವಿವರವನ್ನು ಅದು ಬೆಳಕಿನ ವಿವರಕ್ಕಿಂತ ಹೆಚ್ಚು ಹಿಂಡುವುದರಿಂದ. ಅಪ್ಪಟ ಬಿಳಿಗಿಂತ ಫೋಟೋದಲ್ಲೇ ಇರುವ ಅತಿ ತಿಳಿಯಾದ ಬಣ್ಣವನ್ನು ಎತ್ತಿಕೊಂಡರೆ ಸಾಲು ಹೊರಗಿನಿಂದ ಅಂಟಿಸಿದಂತೆ ಕಾಣದು. 1080×1350ರ ಚೌಕಟ್ಟಿನಲ್ಲಿ ಅಕ್ಷರ 48 ಪಿಕ್ಸೆಲ್‌ಗಿಂತ ಸಣ್ಣದಾಗಬಾರದು, ಅಂಚಿನಿಂದ ಕನಿಷ್ಠ 100 ಪಿಕ್ಸೆಲ್ ಒಳಕ್ಕೆ ಸರಿದಿರಲಿ.

ನಿಜ ಹೇಳಬೇಕೆಂದರೆ ಫೋಟೋದ ಮೇಲೆ ಬರೆಯುವುದಕ್ಕಿಂತ ಕೆಳಗೆ ಐದನೇ ಒಂದು ಭಾಗ ಖಾಲಿ ಪಟ್ಟಿ ಬಿಟ್ಟು ಅಲ್ಲಿ ಬರೆಯುವುದೇ ಮೇಲು. ತ್ರಿಪದಿಯನ್ನು ಪೂರ್ತಿ ಹಾಕಿದರೆ ಜಾಗ ಸಾಲದೆಂದು ಐದು ಸಾಲಿಗೆ ಮುರಿಯಬೇಡಿ, ಲಯ ಹೋಗುತ್ತದೆ. ವಚನ ಪೂರ್ತಿಯಿದ್ದರೆ ಅಂಕಿತ ಕತ್ತರಿಸಬೇಡಿ. ಬಿಡಿ ಸಾಲಾದರೆ ಕೆಳಗೆ ವಚನಕಾರರ ಹೆಸರಿರಲಿ. ಮೊಬೈಲಿನಲ್ಲಿ ತಿರುಗುವ ಪಾಠವನ್ನು ನಂಬದೆ ಅಚ್ಚಾದ ಸಂಪುಟದೊಂದಿಗೆ ಹೋಲಿಸಿ. ಬಸವಣ್ಣನವರ ಅಂಕಿತ ಹೊತ್ತು ಅವರದ್ದಲ್ಲದ ವಚನಗಳು ಬೇಕಾದಷ್ಟು ಓಡಾಡುತ್ತಿವೆ. ಆಧುನಿಕ ಕವಿಗಳ ಸಾಲಾದರೆ ಹಕ್ಕು ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ, ಪ್ರದರ್ಶನಕ್ಕೋ ಪುಸ್ತಕಕ್ಕೋ ಬಳಸುವುದಾದರೆ ಅನುಮತಿ ಕೇಳಿ.

ಗೋಡೆಯ ಮೇಲೆ ಹಾಕುವಾಗ ಫೋಟೋದ ನಡುಮಧ್ಯ ನೆಲದಿಂದ 145ರಿಂದ 150 ಸೆಂ.ಮೀ. ಎತ್ತರಕ್ಕೆ ಬರಲಿ. ಸಾಲು ಬಲಗಡೆ ಇರಲಿ. ನಾವು ಎಡದಿಂದ ಓದುವವರು. ಸಾಲು ಎಡಕ್ಕಿದ್ದರೆ ಅದನ್ನೇ ಮೊದಲು ಓದಿ, ಫೋಟೋದಲ್ಲಿ ಅದರ ಸಾಕ್ಷಿ ಹುಡುಕುತ್ತೇವೆ. ಪರದೆಯ ಮೇಲಾದರೆ ಫೋಟೋ ಒಂದೇ ನಾಲ್ಕು ಸೆಕೆಂಡು ನಿಲ್ಲಲಿ, ಆಮೇಲೆ ಸಾಲು ಬರಲಿ.

ಈಗ ದೀಪ ಆರಿಸಿ ಹನ್ನೆರಡು ಫೋಟೋ ತೋರಿಸುತ್ತೇನೆ. ಸಾಲು ಹಾಕಿಲ್ಲ. ಪ್ರತಿಯೊಂದಕ್ಕೂ ಮೊದಲು ಹೊಳೆದ ಸಾಲನ್ನು ಬರೆದು, ಅದನ್ನು ಹೊಡೆದುಹಾಕಿ, ಎರಡನೆಯದನ್ನು ಚೀಟಿಯಲ್ಲಿ ಕೊಡಿ.