ಪ್ಲೈವುಡ್ ಕಾರ್ಖಾನೆಯ ಕೊಳೆನೀರು: ಬೆರೆಯುವ ಮೊದಲೇ ಬೇರ್ಪಡಿಸಬೇಕು

ಕೇಳುಗರಿಗೆ ನಮಸ್ಕಾರ.

ಮರದ ಕೈಗಾರಿಕೆ ಎಂದೊಡನೆ ಗರಗಸದ ಸದ್ದು, ಧೂಳು, ಹೊಟ್ಟಿನ ರಾಶಿ ಇವೇ ಕಣ್ಣಮುಂದೆ ಬರುವುದರಿಂದ, ಅಲ್ಲಿಂದ ನೀರೂ ಕೆಡುತ್ತದೆ ಎಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಕಾಗದ ಮತ್ತು ತಿರುಳಿನ ಗಿರಣಿಗಳ ವಿಚಾರ ಕಾಳಿ, ತುಂಗಭದ್ರೆಯರ ದಡದವರಿಗೆ ಹೊಸದಲ್ಲ. ಪ್ಲೈವುಡ್ ಕಾರ್ಖಾನೆಯಿಂದ ಹೊರಡುವ ನೀರು ಪ್ರಮಾಣದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಕಡಿಮೆ ಎಂಬ ಕಾರಣಕ್ಕೇ ಅದು ಹೆಚ್ಚಿನ ಕಡೆ ಯಾರ ಗಮನಕ್ಕೂ ಬಾರದೆ, ಹಿತ್ತಲಿನ ಒಂದು ಹೊಂಡಕ್ಕೆ ಇಳಿದು, ಅಲ್ಲಿಂದ ನೆಲದೊಳಕ್ಕೆ ಹೋಗುತ್ತದೆ. ಇಂದು ನಾನು ಮಾತನಾಡುವುದು ಆ ನೀರಿನ ಬಗ್ಗೆ.

ಪ್ಲೈವುಡ್ ತಯಾರಿಕೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಕೊಳೆನೀರು ಹುಟ್ಟುತ್ತದೆ. ಮೊದಲನೆಯದು ದಿಮ್ಮಿಗಳನ್ನು ನೆನೆಹಾಕಿದ ತೊಟ್ಟಿಯದು. ಗಟ್ಟಿಮರದ ದಿಮ್ಮಿಯನ್ನು ತೆಳುವಾದ ವಿನೀರ್ ಹಾಳೆಯಾಗಿ ಸುಲಿಯಬೇಕಾದರೆ ಅದನ್ನು ಬಿಸಿನೀರಿನಲ್ಲೋ ಹಬೆಯಲ್ಲೋ ಮೆದುಗೊಳಿಸಬೇಕಾಗುತ್ತದೆ. ಆಗ ತೊಗಟೆಯ ಮತ್ತು ಮರದ ಒಗರೆಲ್ಲ, ಅಂದರೆ ಟ್ಯಾನಿನ್, ರಾಳದ ಆಮ್ಲಗಳು, ಸಕ್ಕರೆಯಂಥ ಪದಾರ್ಥಗಳು ನೀರಿಗೆ ಬಿಟ್ಟುಕೊಂಡು, ನೀರು ಕಡುಕಂದು ಬಣ್ಣಕ್ಕೆ ತಿರುಗಿ ಹುಳಿಯಾಗುತ್ತದೆ. ಇದು ಹಳ್ಳಕ್ಕೆ ಬಿದ್ದರೆ ಅಲ್ಲಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ರಾಳದ ಆಮ್ಲಗಳಂತೂ ಮೀನುಗಳಿಗೆ ನೇರವಾಗಿ ವಿಷ.

ಎರಡನೆಯದು ಅಂಟಿನ ನೀರು. ವಿನೀರ್ ಹಾಳೆಗಳಿಗೆ ಅಂಟು ಬಳಿಯುವ ಯಂತ್ರದ ರಬ್ಬರ್ ರೋಲರುಗಳನ್ನು ಶಿಫ್ಟು ಮುಗಿಯುವಾಗ ತೊಳೆಯಲೇಬೇಕು. ಇಲ್ಲದಿದ್ದರೆ ಅಂಟು ಅಲ್ಲೇ ಕಲ್ಲಾಗುತ್ತದೆ. ಒಳಾಂಗಣ ದರ್ಜೆಯ ಹಲಗೆಗೆ ಯೂರಿಯಾ ಫಾರ್ಮಾಲ್ಡಿಹೈಡ್, ನೀರಿಗೆ ಜಗ್ಗದ ಹಲಗೆಗೆ ಫಿನಾಲ್ ಫಾರ್ಮಾಲ್ಡಿಹೈಡ್ ಅಂಟನ್ನು ಸಾಮಾನ್ಯವಾಗಿ ಬಳಸುತ್ತಾರೆ. ಆದ್ದರಿಂದ ತೊಳೆದ ನೀರಿನಲ್ಲಿ ಫಾರ್ಮಾಲ್ಡಿಹೈಡ್, ಫಿನಾಲ್, ಯೂರಿಯಾ, ಅಂಟಿಗೆ ಬೆರೆಸಿದ ಮೈದಾ ಹಿಟ್ಟು, ಕಾಸ್ಟಿಕ್ ಸೋಡಾ ಎಲ್ಲವೂ ಇರುತ್ತವೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಯೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ತೀರ್ಮಾನಿಸಿದೆ.

ಈ ಎರಡು ನೀರುಗಳ ಸ್ವಭಾವ ಬೇರೆ, ಪ್ರಮಾಣ ಬೇರೆ, ಮದ್ದೂ ಬೇರೆ. ತೊಟ್ಟಿಯ ನೀರು ಹೆಚ್ಚು, ಅದರ ವಿಷ ಕಡಿಮೆ. ಅಂಟಿನ ನೀರು ಕೆಲವೇ ಡ್ರಮ್ಮುಗಳಷ್ಟು, ಅದರ ವಿಷ ಹೆಚ್ಚು. ಹೀಗಿದ್ದರೂ ಎರಡನ್ನೂ ಒಂದೇ ಚರಂಡಿಗೆ ಹರಿಸಿ, ಕೊನೆಯಲ್ಲಿ ಒಂದು ಶುದ್ಧೀಕರಣ ಘಟಕ ಕಟ್ಟಿಸಿದರೆ ಮುಗಿಯಿತು ಎಂದುಕೊಳ್ಳುವುದೇ ಎಲ್ಲ ತೊಂದರೆಯ ಮೂಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಟಿನ ನೀರು ಒಮ್ಮೆಲೇ ನುಗ್ಗಿದ ದಿನ ಘಟಕದಲ್ಲಿ ಕೊಳೆಯನ್ನು ತಿಂದು ನೀರು ಶುದ್ಧಮಾಡುವ ಬ್ಯಾಕ್ಟೀರಿಯಾ ಸಾಯುತ್ತವೆ. ಅವು ಮತ್ತೆ ಚೇತರಿಸಿಕೊಳ್ಳಲು ವಾರಗಳೇ ಬೇಕು. ಆ ವಾರಗಳಲ್ಲಿ ಕೊಳೆನೀರು ಕೊಳೆನೀರಾಗಿಯೇ ಹೊರಗೆ ಹೋಗುತ್ತದೆ. ಇನ್ನು ಕೆಲವರು ಬೋರ್‌ವೆಲ್ ನೀರು ಸೇರಿಸಿ ತೆಳುಮಾಡಿ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾರೆ. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಅಂಕಿ ಇಳಿದರೂ ಹಳ್ಳಕ್ಕೆ ಸೇರಿದ ವಿಷದ ತೂಕ ಒಂದಿಷ್ಟೂ ಇಳಿದಿರುವುದಿಲ್ಲ. ಇದನ್ನು ಶುದ್ಧೀಕರಣ ಎಂದು ಕರೆಯಬಾರದು.

ಹಾಗಾದರೆ ಮೊದಲು ಮಾಡಬೇಕಾದದ್ದೇನು? ಪೈಪು ಹಿಡಿಯುವ ಮುನ್ನ ರೋಲರಿನ ಮೇಲೆ, ತಟ್ಟೆಯಲ್ಲಿ ಉಳಿದ ಅಂಟನ್ನು ಕೆರೆದು ತೆಗೆಯಬೇಕು. ಆಮೇಲೆ ಸಣ್ಣ ಬಾಯಿಯ, ಒತ್ತಡದ ನಳಿಕೆಯಿಂದ ತೊಳೆಯಬೇಕು. ತೊಳೆದ ನೀರನ್ನು ಚರಂಡಿಗೆ ಬಿಡದೆ ಪ್ರತ್ಯೇಕ ತೊಟ್ಟಿಯಲ್ಲಿ ಹಿಡಿದು, ಗಷ್ಟು ತಳಕ್ಕೆ ಇಳಿದ ಮೇಲೆ, ಮರುದಿನದ ಅಂಟು ಕಲಸುವಾಗ ಹೊಸ ನೀರಿನ ಬದಲಿಗೆ ಅದನ್ನೇ ಬಳಸಬೇಕು. ಫಿನಾಲ್ ಅಂಟಿನ ನೀರು ಫಿನಾಲ್ ಅಂಟಿಗೆ, ಯೂರಿಯಾ ಅಂಟಿನದು ಯೂರಿಯಾ ಅಂಟಿಗೆ. ಯೂರಿಯಾ ಅಂಟಿನಲ್ಲಿ ಅಮೋನಿಯಂ ಕ್ಲೋರೈಡಿನಂಥ ಗಟ್ಟಿಕಾರಕ ಬೆರೆತಿರುವುದರಿಂದ ಆ ನೀರು ಹೆಚ್ಚಾದರೆ ಹೊಸ ಅಂಟು ಬೇಗ ಬಿಗಿದುಕೊಳ್ಳುತ್ತದೆ. ಅಳತೆ ನೋಡಿ ಹಾಕಬೇಕು. ಅಮೆರಿಕದಲ್ಲಿ ಪ್ಲೈವುಡ್ ತಯಾರಿಕೆಯ ಕೊಳೆಯನ್ನು ಹೊಳೆ ನದಿಗಳಿಗೆ ಬಿಡಲೇಬಾರದು ಎಂಬ ನಿಯಮ ದಶಕಗಳಿಂದ ಇದೆ, ಅದನ್ನು ಪಾಲಿಸಲು ಸಾಧ್ಯವಾಗಿರುವುದಕ್ಕೆ ಈ ಮರುಬಳಕೆ ದೊಡ್ಡ ಕಾರಣ.

ಮರುಬಳಕೆಯಾಗಿಯೂ ಉಳಿದದ್ದಕ್ಕೆ ರಾಸಾಯನಿಕ ಮದ್ದು. ಫಿನಾಲ್ ಅಂಟು ಕ್ಷಾರದಲ್ಲಿ ಕರಗಿರುತ್ತದೆ. ಅದಕ್ಕೆ ಆಮ್ಲ ಸೇರಿಸುತ್ತ ಬಂದರೆ ಹಾಲು ಒಡೆದಂತೆ ಅಂಟು ಬೇರ್ಪಟ್ಟು ಕೆಳಗಿಳಿಯುತ್ತದೆ. ಮೇಲಿನ ನೀರಿನಲ್ಲಿ ಉಳಿದ ಫಿನಾಲನ್ನು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕಬ್ಬಿಣದ ಲವಣ ಸೇರಿಸಿ ಸುಟ್ಟುಹಾಕಬಹುದು. ಫೆಂಟನ್ ಕ್ರಿಯೆ ಎಂಬ ಇದು ಪಿಎಚ್ 3ರ ಸುಮಾರಿನಲ್ಲಿ, ಅಂದರೆ ನೀರು ಸಾಕಷ್ಟು ಹುಳಿಯಾಗಿರುವಾಗ, ಚೆನ್ನಾಗಿ ನಡೆಯುತ್ತದೆ. ಇದು ದುಬಾರಿ, ನಿಜ. ಆದ್ದರಿಂದಲೇ ನೀರನ್ನು ಮೊದಲೇ ಕಡಿಮೆ ಮಾಡಿಕೊಳ್ಳಬೇಕೆಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ದಿಮ್ಮಿ ತೊಟ್ಟಿಯ ನೀರಿಗೆ ಬರೋಣ. ತೊಗಟೆ, ನಾರು ಸೋಸಿ, ಸುಣ್ಣದಿಂದ ಹುಳಿ ತಗ್ಗಿಸಿ, ಆಲಂ, ಅಂದರೆ ಪಟಿಕ ಹಾಕಿ ಬಣ್ಣವನ್ನು ಕೆಳಗಿಳಿಸಬೇಕು. ಅಗ್ಗವೆಂದು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್ ಹಾಕುವವರು ಜಾಗ್ರತೆ ವಹಿಸಬೇಕು. ಅಳಲೆಕಾಯಿಯ ಒಗರಿಗೆ ಅನ್ನಭೇದಿ ಬೆರೆಸಿಯೇ ಹಿಂದಿನವರು ಕಪ್ಪು ಶಾಯಿ ಮಾಡುತ್ತಿದ್ದರು, ಇಲ್ಲಿಯೂ ಪ್ರಮಾಣ ತಪ್ಪಿದರೆ ನೀರು ಹಾಗೆಯೇ ಕಪ್ಪಾಗುತ್ತದೆ. ಅನಂತರ ಗಾಳಿ ಊದುವ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳ ಕೆಲಸ. ಮರದ ನೀರಿನಲ್ಲಿ ಇಂಗಾಲ ಬೇಕಾದಷ್ಟಿದ್ದರೂ ಸಾರಜನಕ, ರಂಜಕ ಸಾಲದು. ಬಿಒಡಿ, ಅಂದರೆ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ, ನೂರು ಪಾಲಿದ್ದರೆ ಐದು ಪಾಲು ಸಾರಜನಕ, ಒಂದು ಪಾಲು ರಂಜಕ ಎಂಬ ಲೆಕ್ಕದಲ್ಲಿ ಯೂರಿಯಾ, ಡಿಎಪಿ ಹಾಕಬೇಕಾಗುತ್ತದೆ. ಬೇರೆಯಾಗಿ ಹಿಡಿದಿಟ್ಟ ಯೂರಿಯಾ ಅಂಟಿನ ನೀರನ್ನು ಇಲ್ಲಿ ಸ್ವಲ್ಪಸ್ವಲ್ಪವಾಗಿ ಬಿಟ್ಟರೆ ಅದರ ಸಾರಜನಕವೇ ಗೊಬ್ಬರವಾಗುತ್ತದೆ, ತೆಳುವಾದ ಫಾರ್ಮಾಲ್ಡಿಹೈಡನ್ನು ಪಳಗಿದ ಬ್ಯಾಕ್ಟೀರಿಯಾಗಳು ತಿಂದುಹಾಕುತ್ತವೆ.

ಈ ಗಾಳಿ ಊದುವ ತೊಟ್ಟಿಯ ಆರೋಗ್ಯ ತಿಳಿಯಲು ದೊಡ್ಡ ಉಪಕರಣವೇನೂ ಬೇಡ. ಒಂದು ಲೀಟರಿನ ಗಾಜಿನ ಅಳತೆ ಜಾಡಿಯಲ್ಲಿ ಅಲ್ಲಿನ ನೀರು ತುಂಬಿ ಮೂವತ್ತು ನಿಮಿಷ ಅಲುಗಿಸದೆ ಇಡಬೇಕು. ಕಂದು ಬಣ್ಣದ ಚೂರುಗಳು ಒಂದಕ್ಕೊಂದು ಕೂಡಿಕೊಂಡು ಜಾಡಿಯ ಕೆಳಭಾಗಕ್ಕೆ ಇಳಿದು, ಮೇಲೆ ತಿಳಿನೀರು ನಿಂತರೆ ಎಲ್ಲವೂ ಸರಿ. ಅರ್ಧ ಗಂಟೆಯಾದರೂ ಜಾಡಿ ಪೂರ್ತಿ ಮಬ್ಬಾಗಿದ್ದರೆ ಏನೋ ವಿಷ ಒಳಗೆ ಬಂದಿರಬಹುದು, ಕೂಡಲೇ ಅಂಟಿನ ವಿಭಾಗಕ್ಕೆ ಹೋಗಿ ವಿಚಾರಿಸಬೇಕು.

ಮರಕ್ಕೆ ಗೆದ್ದಲು ಹಿಡಿಯದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಿಸಿಎ ದ್ರಾವಣ ಉಣಿಸುವ ಘಟಕಗಳ ಬಗ್ಗೆ ಒಂದು ಮಾತು. ಈ ದ್ರಾವಣವನ್ನು 1930ರ ದಶಕದಲ್ಲಿ ಕಂಡುಹಿಡಿದವರು ಭಾರತೀಯರೇ ಆದ ಸೋಂಟಿ ಕಾಮೇಶನ್. ಇದರ ನೀರನ್ನು ಬ್ಯಾಕ್ಟೀರಿಯಾಗಳ ತೊಟ್ಟಿಗೆ ಬಿಡಲೇಬಾರದು. ಆಮ್ಲೀಯ ಸ್ಥಿತಿಯಲ್ಲಿ ಹೆಚ್ಚು ವಿಷದ ಆರು ವೇಲೆನ್ಸಿಯ ಕ್ರೋಮಿಯಮ್ಮನ್ನು ಕಡಿಮೆ ವಿಷದ ಮೂರು ವೇಲೆನ್ಸಿಯ ರೂಪಕ್ಕೆ ಇಳಿಸಿ, ಬಳಿಕ ಸುಣ್ಣ ಹಾಕಿ ಗಷ್ಟಾಗಿ ತೆಗೆಯಬೇಕು. ಆ ಗಷ್ಟು ಮತ್ತು ಅಂಟಿನ ಗಷ್ಟು ಎರಡೂ ಅಪಾಯಕಾರಿ ತ್ಯಾಜ್ಯದ ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಹೋಗಬೇಕೇ ಹೊರತು ರಸ್ತೆ ಬದಿಯ ಹಳ್ಳಕ್ಕಲ್ಲ. ಸಿಸಿಎ ಉಂಡ ಮರದ ತುಂಡನ್ನು ಬಾಯ್ಲರಿಗೂ ಹಾಕಬಾರದು, ಬಚ್ಚಲೊಲೆಗೂ ಹಾಕಬಾರದು. ಆರ್ಸೆನಿಕ್ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಉಳಿಯುತ್ತದೆ.

ಕೊನೆಯದಾಗಿ, ಇಂಥ ಕಾರ್ಖಾನೆಗಳ ನೆರೆಯಲ್ಲಿ ಬಾವಿ ಇರುವವರಿಗೆ. ಹೊಳೆ ಕೆರೆಗಳಿಗೆ ಬಿಡುವ ಕೊಳೆನೀರಿನಲ್ಲಿ ಫಿನಾಲ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಸಿಒಡಿ, ಅಂದರೆ ಕೊಳೆಯನ್ನು ರಾಸಾಯನಿಕದಿಂದ ಸುಡಲು ಬೇಕಾಗುವ ಆಮ್ಲಜನಕ, 250 ಮತ್ತು ಬಿಒಡಿ 30 ಮೀರಬಾರದು ಎಂದು ನಮ್ಮ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡ ಹೇಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಫಿನಾಲಿನ ಮಿತಿ 0.001 ಮಿಲಿಗ್ರಾಂ, ಅಂದರೆ ಅದರ ಸಾವಿರದಲ್ಲಿ ಒಂದು ಪಾಲು. ಆದ್ದರಿಂದ ಕಾರ್ಖಾನೆಯ ನೀರು ಪರೀಕ್ಷೆಯಲ್ಲಿ ಪಾಸಾಗಿದೆ ಎಂಬ ಮಾತ್ರಕ್ಕೆ ಬಾವಿಯ ನೀರು ಸುರಕ್ಷಿತ ಎಂದುಕೊಳ್ಳಬೇಡಿ. ಕ್ಲೋರಿನ್ ಹಾಕಿದ ಮೇಲೆ ನೀರಿಗೆ ಆಸ್ಪತ್ರೆಯ ಔಷಧಿಯಂಥ ವಾಸನೆ ಬಂದರೆ ಫಿನಾಲ್ ಇರುವ ಸಂಶಯ ಬಲವಾಗುತ್ತದೆ. ಪ್ರಯೋಗಾಲಯಕ್ಕೆ ನೀರು ಕಳಿಸುವಾಗ ಗಡಸುತನ, ಫ್ಲೋರೈಡ್‌ಗಳ ವಾಡಿಕೆಯ ಪರೀಕ್ಷೆಯ ಜೊತೆಗೆ ಫಿನಾಲ್, ಅಮೋನಿಯಾ, ಸಿಒಡಿ ಇವನ್ನೂ ನೋಡಬೇಕೆಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ; ಬರೆಯದಿದ್ದರೆ ಅವನ್ನು ಯಾರೂ ನೋಡುವುದಿಲ್ಲ.

ನಮಸ್ಕಾರ.