ಕಟ್ಟುವ ಮೊದಲೇ ಕೇಳಿ ನೋಡುವ ಸಭಾಭವನ

ಕೇಳುಗರೆ, ನಮಸ್ಕಾರ.

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಸಭೆ, ಸಂಗೀತ, ನಾಟಕಕ್ಕೆ ಬರವಿಲ್ಲ. ಹುಬ್ಬಳ್ಳಿಯಲ್ಲಿ ಸವಾಯಿ ಗಂಧರ್ವ ಹಾಲ್, ಧಾರವಾಡದಲ್ಲಿ ವಿದ್ಯಾವರ್ಧಕ ಸಂಘದ ಸಭಾಭವನ, ಅದರ ಮೇಲೆ ಓಣಿಗೊಂದು ಕಲ್ಯಾಣ ಮಂಟಪ. ಹೊಸ ಭವನ ಕಟ್ಟುವಾಗ ಖುರ್ಚಿ ಎಷ್ಟು, ಪಾರ್ಕಿಂಗ್ ಎಲ್ಲಿ, ಊಟದ ಹಾಲ್ ಸಾಕಾ ಅಂತ ಭಾರಿ ಚರ್ಚೆ ನಡೆಯುತ್ತದೆ. ಹಿಂದಿನ ಸಾಲಿಗೆ ಮಾತು ತಿಳಿಯುತ್ತದಾ ಅಂತ ಕೇಳುವವರು ಕಡಿಮೆ. ಉದ್ಘಾಟನೆಯ ದಿನ ಭಾಷಣವೆಲ್ಲ ಕಲಸಿಹೋದಾಗ ಬೈಸಿಕೊಳ್ಳುವವನು ಮೈಕಿನವನು. ಪಾಪ, ತಪ್ಪು ಹೆಚ್ಚಾಗಿ ಗೋಡೆಯದು, ಚಾವಣಿಯದು.

ಕಾಂಕ್ರೀಟ್ ಹಾಕುವ ಮೊದಲೇ ಇದನ್ನು ಪತ್ತೆ ಮಾಡಬಹುದು. ಜರ್ಮನಿಯ ಶ್ಪಾಂಡೋಕ್ ಎಂಬವರು 1930ರ ದಶಕದಲ್ಲೇ ದಾರಿ ತೋರಿಸಿದ್ದರು. ಭವನವನ್ನು ಹತ್ತರಲ್ಲಿ ಒಂದು ಅಳತೆಗೆ ಮರದಲ್ಲಿ ಕಟ್ಟುತ್ತಾರೆ. 30 ಮೀಟರ್ ಉದ್ದದ ಹಾಲ್ 3 ಮೀಟರ್ ಆಗುತ್ತದೆ. ಹಾಲ್ ಕುಗ್ಗಿದ ಮೇಲೆ ಶಬ್ದದ ಅಲೆಯೂ ಕುಗ್ಗಬೇಕು, ಅಲ್ವಾ? ಅಲೆ ಕುಗ್ಗಿದಷ್ಟೂ ಹರ್ಟ್ಸ್, ಅಂದರೆ ಸೆಕೆಂಡಿಗೆ ಆಗುವ ಕಂಪನಗಳ ಲೆಕ್ಕ, ಏರುತ್ತದೆ: 1,000 ಹರ್ಟ್ಸ್ ಬದಲು 10,000 ಹರ್ಟ್ಸ್ ಶಬ್ದ ಬೇಕು. 4,000ಕ್ಕೆ 40,000. ನಮ್ಮ ಕಿವಿ 20,000ಕ್ಕೇ ಕೈ ಚೆಲ್ಲುತ್ತದೆ; ಅದರಾಚೆ ಬಾವಲಿಗಳ ರಾಜ್ಯ.

ಅಂಥ ಶಬ್ದ ಹುಟ್ಟಿಸಲು ಪುಟಾಣಿ ವೇದಿಕೆಯ ಮೇಲೆ ಎರಡು ತಂತಿಗಳ ನಡುವೆ ವಿದ್ಯುತ್ ಕಿಡಿ ಹಾರಿಸುತ್ತಾರೆ. ಚಟ್! ಖುರ್ಚಿಯ ಜಾಗದಲ್ಲಿ ಮೂರು ಮಿಲಿಮೀಟರ್ ಅಗಲದ ಮೈಕ್ ಕೂತಿರುತ್ತದೆ. ಮೊದಲು ನೇರ ಶಬ್ದ ಬರುತ್ತದೆ, ಆಮೇಲೆ ಗೋಡೆಯಿಂದ, ಚಾವಣಿಯಿಂದ ಮರಳಿದ್ದು. ನಿಜವಾದ ಹಾಲ್‌ನಲ್ಲಿ ಎರಡು ಸೆಕೆಂಡ್ ಉಳಿಯುವ ದನಿ ಇಲ್ಲಿ 0.2 ಸೆಕೆಂಡಿಗೇ ಮುಗಿಯುತ್ತದೆ. ಅದನ್ನು ಹತ್ತು ಪಟ್ಟು ನಿಧಾನ ಮಾಡಿ ಕೇಳುತ್ತಾರೆ.

ಖುರ್ಚಿಗಳನ್ನು ಸುಮ್ನೆ ಖಾಲಿ ಬಿಡುವ ಹಾಗಿಲ್ಲ. ಜನ, ಅವರ ಸೀರೆ, ಶಾಲು ಶಬ್ದವನ್ನು ಚೆನ್ನಾಗಿ ನುಂಗುತ್ತವೆ. ಅದಕ್ಕೇ ಬೆರಳುದ್ದದ ಬೊಂಬೆಗಳಿಗೆ ಫೆಲ್ಟ್ ಬಟ್ಟೆ ತೊಡಿಸಿ ಕೂರಿಸುತ್ತಾರೆ.

ಎಲ್ಲವನ್ನೂ ಕುಗ್ಗಿಸಬಹುದು, ಗಾಳಿಯನ್ನು ಮಾತ್ರ ಆಗದು. 40,000 ಹರ್ಟ್ಸಿನ ಶಬ್ದವನ್ನು ಗಾಳಿ ಲೆಕ್ಕಕ್ಕಿಂತ ಜಾಸ್ತಿ ತಿಂದುಬಿಡುತ್ತದೆ. ಹೀಗೆ ತಿನ್ನುವುದರಲ್ಲಿ ಗಾಳಿಯ ಆಮ್ಲಜನಕ, ತೇವ ಎರಡರ ಕೈವಾಡವೂ ಇದೆ. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಬಾಗಿಲು ತೆರೆದಿಟ್ಟು ಅಳೆದರೆ ಲೆಕ್ಕ ತಪ್ಪಿದಂತೆಯೇ. ಆದ್ದರಿಂದ ಮಾದರಿಯನ್ನು ಬಿಗಿಯಾಗಿ ಮುಚ್ಚಿ, ಒಳಗಿನ ಗಾಳಿಯನ್ನು ಪೂರಾ ಒಣಗಿಸುತ್ತಾರೆ, ಇಲ್ಲವೇ ಸಾರಜನಕ ತುಂಬುತ್ತಾರೆ.

ಕಂಪ್ಯೂಟರ್ ಇರುವಾಗ ಇಷ್ಟೆಲ್ಲ ಯಾಕೆ ಅನ್ನಬಹುದು. ಅನೇಕ ಪ್ರೋಗ್ರಾಮುಗಳು ಶಬ್ದವನ್ನು ನೇರ ಗೆರೆ ಅಂದುಕೊಳ್ಳುತ್ತವೆ. ಆದರೆ ಶಬ್ದ ಕಂಬವನ್ನು ಸುತ್ತಿ, ಬಾಲ್ಕನಿಯ ಅಂಚು ತಿರುಗಿ ಹೋಗುವುದು ಮಾದರಿಯಲ್ಲಿ ತಾನಾಗಿ ಆಗುತ್ತದೆ. 2017ರಲ್ಲಿ ತೆರೆದ ಜರ್ಮನಿಯ ಹ್ಯಾಂಬರ್ಗ್‌ನ ಎಲ್ಬ್‌ಫಿಲ್‌ಹಾರ್ಮನಿ ಎಂಬ ಸಂಗೀತ ಭವನಕ್ಕೂ ಹತ್ತರಲ್ಲೊಂದು ಅಳತೆಯ ಮಾದರಿ ಮಾಡಿದ್ದರು.

ನಮ್ಮ ತಾಲ್ಲೂಕಿನ ಸಮುದಾಯ ಭವನಕ್ಕೆ ಅಷ್ಟು ದುಡ್ಡು ಎಲ್ಲಿಂದ? ನನ್ನ ಸಲಹೆ ಅಗ್ಗದ್ದು. ರಟ್ಟಿನಲ್ಲಿ ಐವತ್ತರಲ್ಲೊಂದು ಅಳತೆಯ ಮಾದರಿ ಮಾಡಿಸಿ. ಚಾವಣಿಯ ಒಳಮೈಗೆ ಸುಕ್ಕಿಲ್ಲದ ಬೆಳ್ಳಿ ಕಾಗದ ಅಂಟಿಸಿ. ಕತ್ತಲಲ್ಲಿ ವೇದಿಕೆಯಿಂದ ಟಾರ್ಚ್ ಬಿಡಿ. ಪ್ರತಿಧ್ವನಿ ಎಷ್ಟು ಹೊತ್ತು ಉಳಿದೀತು ಅಂತ ಇದು ಹೇಳದು. ಆದರೆ ಚಾವಣಿ ಗುಮ್ಮಟವಾಗಿದ್ದು, ಅದರಿಂದ ಮರಳಿದ ಬೆಳಕು ನಡುಸಾಲಿನ ನಾಲ್ಕು ಖುರ್ಚಿಗಳ ಮೇಲೆ ಗುಡ್ಡೆ ಬಿದ್ದರೆ ದನಿಯೂ ಅಲ್ಲೇ ಗುಡ್ಡೆ ಬೀಳುತ್ತದೆ, ಉಳಿದವರಿಗೆ ಸಿಗುವುದು ಚೂರುಪಾರು. ಹಾಗಿದ್ದರೆ ಆ ಗುಮ್ಮಟವನ್ನು ನಕ್ಷೆಯಲ್ಲೇ ತಿದ್ದಿಸಿ. ಸ್ಲ್ಯಾಬ್ ಬಿದ್ದ ಮೇಲೆ ಅದನ್ನು ತಿದ್ದುವ ಖರ್ಚು ಯಾವ ಕಮಿಟಿಗೂ ಒಗ್ಗುವುದಿಲ್ಲ.